ಶನಿವಾರದ ತಪ್ಪಿನ ಚೀಟಿ

ಜನವರಿ 12

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಅಪ್ಪ ತೀರಿಕೊಂಡಾಗ ನಿನ್ನನ್ನು ನೋಡಿದ್ದು, ಆರು ವರ್ಷವಾಯಿತು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ಅಮ್ಮ ಪಕ್ಕದಲ್ಲೇ ಕೂತು "ಮೊದಲು ನನ್ನ ಮಂಡಿ ವಿಷಯ ಬರಿ" ಅನ್ನುತ್ತಿದ್ದಾರೆ.

ಹಾಗಾಗಿ ಮೊದಲು ಮಂಡಿ. ಎಡ ಮಂಡಿಗೆ ಕಳೆದ ತಿಂಗಳು ಆಪರೇಷನ್ ಆಯಿತು. ಮೂರು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ. ಅಮ್ಮನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹದಿನೆಂಟು ವರ್ಷದಿಂದ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ತಾಯಿಗೇ ಲಿಫ್ಟ್ ಇಲ್ಲ ಎಂದು ನೋಡಲು ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ಈಗ ನಮ್ಮ ಮನೆಯಲ್ಲೇ ಇದ್ದಾರೆ, ಹಾಲ್‌ನಲ್ಲಿ ಮಂಚ ಹಾಕಿಸಿದ್ದೇವೆ. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ, ಹೊತ್ತು ಗೊತ್ತಿಲ್ಲ. ಶಾಲೆಯಿಂದ ಬಂದ ಮೇಲೆ ಮಗಳನ್ನು ನೋಡಿಕೊಳ್ಳುವುದು ಅಮ್ಮನೇ. ನೀನು ಬಟಾಣಿ ಎಂದು ಹೆಸರಿಟ್ಟಿದ್ದೆಯಲ್ಲ, ಅವಳಿಗೆ ಈಗ ಒಂಬತ್ತು.

ಇನ್ನು ಮುಖ್ಯ ವಿಷಯ. ರೇಡಿಯೊದ ಭಾನುವಾರದ ಮಕ್ಕಳ ಕಾರ್ಯಕ್ರಮಕ್ಕೆ ಐವತ್ತು ವರ್ಷ ತುಂಬುತ್ತದೆ. ಅದರಲ್ಲಿ ಇಪ್ಪತ್ತಾರು ವರ್ಷ ನಡೆಸಿದ್ದು ಅಮ್ಮ. ಈಗಲೂ ಅಂಗಡಿಗೆ ಹೋದರೆ "ರೇಡಿಯೊ ಅಮ್ಮ ಬಂದ್ರು" ಎಂದು ಕುರ್ಚಿ ಹಾಕುತ್ತಾರೆ. ಮೇ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವಿಶೇಷ ಕಾರ್ಯಕ್ರಮ, ನೇರ ಪ್ರಸಾರ. ಅಮ್ಮನೇ ನಡೆಸಿಕೊಡಬೇಕಂತೆ, ಮನೆಯವರೆಲ್ಲ ಜೊತೆಗಿರಬೇಕಂತೆ. ಮುಂದಿನದನ್ನು ಅಮ್ಮ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ.

"ನಿಮ್ಮ ಮಗಳು ಎಲ್ಲಿ ಅಂತ ಊರೆಲ್ಲಾ ಕೇಳುತ್ತೆ. ನಾನು ಏನಂತ ಹೇಳಲಿ? ಹೆತ್ತವಳ ಮೇಲೆ ಮುನಿಸಿಕೊಂಡು ಎಲ್ಲೋ ಕೂತು ಹಲ್ಲು ಕೆತ್ತುತ್ತಾ ಇದಾಳೆ ಅಂತ ಹೇಳಲಾ? ನನಗಾಗಿ ಬೇಡ, ನನ್ನನ್ನ ಪ್ರೀತಿಸೋ ಸಾವಿರ ಮಕ್ಕಳಿಗಾಗಿ ಬಾ. ಒಳ್ಳೆ ಬಟ್ಟೆ ತಗೊಂಡು ಬಾ, ಫೋಟೊ ತೆಗೀತಾರೆ."

ಇಂತಿ ನಿನ್ನ ತಮ್ಮ

ಅಮ್ಮನಿಗೆ ಈಗ ಮಧ್ಯಾಹ್ನದ ನಿದ್ದೆ ಹತ್ತಿತು, ಈ ಸಾಲು ನನ್ನದು. ಉತ್ತರ ಬರೆಯುವುದಾದರೆ ಆಫೀಸಿನ ವಿಳಾಸಕ್ಕೆ ಬರಿ, ಲಕೋಟೆಯ ಹಿಂದೆ ಇದೆ. ಫೋನ್ ಮಾಡಬೇಡ. ಫೋನು ಅಮ್ಮನ ಮಂಚದ ಪಕ್ಕದಲ್ಲಿದೆ.


ಜನವರಿ 30

ತಮ್ಮನಿಗೆ,

ನಿನ್ನ ಪತ್ರ ತಲುಪಿತು. ನಾನು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ಬರೆಯಬಹುದು. ಮಂಡಿ ಬೇಗ ವಾಸಿಯಾಗಲಿ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ.

ನಾನು ಹಲ್ಲು ಕೆತ್ತುವುದಿಲ್ಲ, ಕೂರಿಸುತ್ತೇನೆ. ಡಾಕ್ಟರು ರೋಗಿಯ ದವಡೆಯ ಅಚ್ಚು ಕಳಿಸುತ್ತಾರೆ. ಅದರ ಮೇಲೆ ಮೇಣ ಹರಡಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನದು ಕೆಳಗಿನದು ಸರಿಯಾಗಿ ಕಚ್ಚುತ್ತದೆಯೇ ಎಂದು ನೋಡಬೇಕು. ಒಂದು ಸೆಟ್ಟಿಗೆ ಎರಡು ದಿನ ಬೇಕು. ಸೆಟ್ಟು ಹಾಕಿಕೊಂಡ ಮುದುಕರು ಮೊದಲು ಕನ್ನಡಿ ನೋಡುತ್ತಾರೆ, ಆಮೇಲೆ ಹೆಂಡತಿಯನ್ನು ನೋಡುತ್ತಾರೆ. ನನ್ನ ಕೆಲಸ ನನಗೆ ಇಷ್ಟ.

ಎರಡು ವರ್ಷದ ಹಿಂದೆ ಒಂದು ದಿನ ನಮ್ಮ ಹಲ್ಲಿನ ಡಾಕ್ಟರು ನನ್ನನ್ನು ಕರೆದು ಮೇಜಿನ ಮೇಲೆ ಹದಿನಾಲ್ಕು ಚೀಟಿ ಹರಡಿದರು. ಎಲ್ಲವೂ ನಾನೇ ಸೆಟ್ಟಿನ ಡಬ್ಬಿಯೊಳಗೆ ಇಟ್ಟು ಕಳಿಸಿದವು. 'ಕರೆಂಟು ಹೋಗಿ ತಡವಾಯಿತು, ನನ್ನ ತಪ್ಪು.' 'ಡಬ್ಬಿಯ ಮುಚ್ಚಳದ ಬಣ್ಣ ಬೇರೆಯಾಗಿದೆ, ಕ್ಷಮಿಸಿ.' 'ರೋಗಿಯ ದವಡೆ ತುಂಬಾ ಸವೆದಿದೆ, ದಯವಿಟ್ಟು ಕ್ಷಮಿಸಿ.' ಡಾಕ್ಟರು ಕನ್ನಡಕ ತೆಗೆದು, "ಅಲ್ಲಮ್ಮಾ, ಆ ಯಜಮಾನರ ದವಡೆ ಸವೆದಿದ್ದೂ ನಿನ್ನಿಂದಾನಾ?" ಎಂದರು. ನಗೋಣವೆಂದು ಬಾಯಿ ತೆರೆದೆ, ಅಳು ಬಂತು. ಅವರೇ ಮನಸ್ಸಿನ ತೊಂದರೆ ನೋಡುವ ಒಬ್ಬರ ಹೆಸರು ಕೊಟ್ಟು, ಹೋಗಿ ಮಾತಾಡು ಎಂದು ಕಳಿಸಿದರು. ಅಂದಿನಿಂದ ಪ್ರತಿ ಗುರುವಾರ ಹೋಗುತ್ತೇನೆ. ಅವರನ್ನು ನಾನು ಗುರುವಾರದ ಮೇಡಂ ಎನ್ನುತ್ತೇನೆ. ಅಮ್ಮನಂಥವರ ಸ್ವಭಾವಕ್ಕೆ ಪುಸ್ತಕದಲ್ಲಿ ಒಂದು ದೊಡ್ಡ ಹೆಸರಿದೆಯಂತೆ, ಹೇಳಿದರು. ಹೆಸರಿನಿಂದ ನನಗೇನೂ ಉಪಯೋಗವಾಗಲಿಲ್ಲ. ಆದದ್ದನ್ನೆಲ್ಲ ಇದ್ದ ಹಾಗೆ ಬರೆದುಕೊಂಡು ಬಾ ಎಂದರಲ್ಲ, ಅದರಿಂದ ಆಯಿತು. ಅದರಲ್ಲಿ ಸ್ವಲ್ಪ ಇಲ್ಲಿ ಇಳಿಸುತ್ತೇನೆ, ತಪ್ಪಿದ್ದರೆ ತಿದ್ದು.

ನಾವು ಚಿಕ್ಕವರಿದ್ದಾಗ ಶನಿವಾರ ಸಂಜೆ ಐದಕ್ಕೆ ಊಟದ ಮೇಜಿನ ಮೇಲೆ ಎರಡು ಹಾಳೆ, ಎರಡು ಪೆನ್ಸಿಲ್. ಆ ವಾರ ಮಾಡಿದ ತಪ್ಪನ್ನು ಬರೆದು ಅಮ್ಮನ ಕೈಚೀಲಕ್ಕೆ ಹಾಕಬೇಕು. ತಪ್ಪೇ ಮಾಡಿಲ್ಲ ಎಂದರೆ ಅದು ಅಹಂಕಾರ. ಭಾನುವಾರ ಬೆಳಿಗ್ಗೆ ಇಬ್ಬರಲ್ಲಿ ಒಬ್ಬರ ಚೀಟಿ 'ಒಂದು ಮಗು ಬರೆದ ಪತ್ರ' ಎಂದು ರೇಡಿಯೊದಲ್ಲಿ ಬರುತ್ತಿತ್ತು. ಯಾರದ್ದು ಬಂತೋ ಅವರು ಆ ವಾರವೆಲ್ಲ ಅಮ್ಮನ ಪಕ್ಕದ ಕುರ್ಚಿಯಲ್ಲಿ ಊಟ ಮಾಡಬಹುದು, ಅಮ್ಮ ತಲೆ ಬಾಚುತ್ತಾರೆ. ಇನ್ನೊಬ್ಬರ ಜೊತೆ ಅಮ್ಮನಿಗೆ ಮಾತಿಲ್ಲ. ನೀನು ಆಗಿನ್ನೂ ಕೂಡಿಸಿ ಬರೆಯಲು ಕಲಿಯುತ್ತಿದ್ದೆ. ಶನಿವಾರ ನಾಲ್ಕಕ್ಕೇ ಬಂದು ನನ್ನ ಫ್ರಾಕು ಎಳೆದು "ಅಕ್ಕಾ, ನಂಗೊಂದು ತಪ್ಪು ಕೊಡು" ಎನ್ನುತ್ತಿದ್ದೆ. ನನ್ನ ಹತ್ತಿರ ಯಾವಾಗಲೂ ಎರಡು ಮೂರು ಹೆಚ್ಚಿಗೆ ಇರುತ್ತಿದ್ದವು.

ರೇಡಿಯೊದಲ್ಲಿ ನೀನು 'ನಮ್ಮನೆ ರಾಜ', ನಾನು 'ನಮ್ಮನೆ ಅಳುಮುಂಜಿ'. ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿದು ಕೊಡುವಾಗ "ತಗೋ ಅಳುಮುಂಜಿ" ಎನ್ನುತ್ತಿದ್ದ. ಪಾಪ, ಅವನು ಪ್ರೀತಿಯಿಂದಲೇ ಹೇಳುತ್ತಿದ್ದದ್ದು.

ಈಗ ನನ್ನದೊಂದು ಪ್ರಶ್ನೆ. ಬಟಾಣಿ ಶನಿವಾರ ಸಂಜೆ ಏನು ಮಾಡುತ್ತಾಳೆ? ಬೇರೆ ಯಾವುದಕ್ಕೂ ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಇದಕ್ಕೆ ಬರಿ.

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕ,

ಶನಿವಾರ ಸಂಜೆ ಅಜ್ಜಿ ಮೊಮ್ಮಗಳು ಕೂತು ಬರೆಯುತ್ತಾರೆ. ಹೌದು, ಚೀಟಿಯೇ. ನೀನು ಗಾಬರಿಪಡುವಂಥದ್ದೇನೂ ಇಲ್ಲ, ಅವರಿಬ್ಬರಿಗೂ ಅದೊಂದು ಆಟ. ಬಟಾಣಿಯ ಕೈಬರಹ ಸುಧಾರಿಸಿದೆ ಎಂದು ಟೀಚರೇ ಹೇಳಿದರು. ಅಜ್ಜಿಯನ್ನು ಕಂಡರೆ ಅವಳಿಗೆ ಪ್ರಾಣ. ಅಮ್ಮ ಇಲ್ಲದಿದ್ದರೆ ಮೂರರಿಂದ ಆರರವರೆಗೆ ಅವಳನ್ನು ಯಾರು ನೋಡಿಕೊಳ್ಳುತ್ತಿದ್ದರು, ನಿನ್ನ ಗುರುವಾರದ ಮೇಡಮ್ಮೇ?

ನೀನು ಮೊದಲಿನಿಂದಲೂ ಹೀಗೆ. ಕಡ್ಡಿಯನ್ನು ಗುಡ್ಡ ಮಾಡುತ್ತೀಯ. ಅಮ್ಮ ಸ್ವಲ್ಪ ಹಾಗೆ, ಒಪ್ಪಿಕೊಳ್ಳುತ್ತೇನೆ. ಹೆಸರು ಮಾಡಿದವರು, ನಾಲ್ಕು ಜನ ಹೊಗಳಿದರೆ ಖುಷಿಪಡುತ್ತಾರೆ. ಅದಕ್ಕೆ ಎರಡು ವರ್ಷ ಯಾರೋ ಒಬ್ಬರ ಮುಂದೆ ಕೂತು ಮನೆಯ ವಿಷಯ ಹರಡಬೇಕೇ? ಅವರು ನನಗೂ ತಾಯಿಯೇ. ನಾನು ನೆಟ್ಟಗಿದ್ದೇನಲ್ಲ. ಅಸಿಡಿಟಿ ಒಂದು ಬಿಟ್ಟರೆ ನನಗೇನೂ ಆಗಿಲ್ಲ.

ನೀನು ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಬರದವಳು ನೀನು, ಅನುಭವಿಸಿದವನು ನಾನು.

ತಮ್ಮ


ಮಾರ್ಚ್ 9

ತಮ್ಮನಿಗೆ,

ಕೋಪದ ಪತ್ರ ಬಂತು. ವಾದ ಮಾಡುವುದಿಲ್ಲ. ಒಂದೇ ಕೆಲಸ ಮಾಡು. ಬಟಾಣಿಯ ಒಂದು ಚೀಟಿ ತೆಗೆದು ಓದು. ಓದಿ, ಅದರಲ್ಲಿ ಇರುವುದು ನಿಜವೇ ಎಂದು ನೋಡು. ನಿಜವಾಗಿದ್ದರೆ ನಾನು ಇನ್ನು ತುಟಿ ಪಿಟಕ್ಕೆನ್ನುವುದಿಲ್ಲ.

ಅಸಿಡಿಟಿಗೆ ಊಟ ಬಿಡಬೇಡ, ಹೊತ್ತಿಗೆ ಸರಿಯಾಗಿ ಮಾಡು. ನನಗೂ ಇತ್ತು.

ಅಕ್ಕ


ಏಪ್ರಿಲ್ 17

ಅಕ್ಕ,

ಓದಿದೆ.

ನಿನ್ನ ಪತ್ರ ಬಂದ ಮೇಲೂ ನಾಲ್ಕು ವಾರ ಚೀಟಿ ಓದಲಿಲ್ಲ. ಯಾಕೆ ಓದಲಿಲ್ಲ ಎಂದು ನಿನಗೆ ಗೊತ್ತಿರುತ್ತದೆ. ಹೋದ ಶನಿವಾರ ಬೇಗ ಮನೆಗೆ ಬಂದೆ. ಅಮ್ಮ ಸ್ನಾನಕ್ಕೆ ಹೋಗಿದ್ದರು. ಕೈಚೀಲ ಮಂಚದ ಮೇಲಿತ್ತು. ಹನ್ನೊಂದು ಚೀಟಿ, ದಾರ ಕಟ್ಟಿ ಇಟ್ಟಿದ್ದರು. ಮೇಲಿನದರಲ್ಲಿ ಹೀಗಿತ್ತು: 'ನಾನು ಅಮ್ಮನ ಬಳೆ ಕದ್ದು ಶಾಲೆಯ ಬಾವಿಗೆ ಹಾಕಿದೆ. ಅಮ್ಮ ಹುಡುಕಿ ಹುಡುಕಿ ಅತ್ತರು. ನಾನು ನಕ್ಕೆ.'

ನನ್ನ ಹೆಂಡತಿಯ ಬಳೆ ಅವಳ ಕೈಯಲ್ಲೇ ಇದೆ. ಬಟಾಣಿಯ ಶಾಲೆಯಲ್ಲಿ ಬಾವಿಯೇ ಇಲ್ಲ.

ಎರಡನೆಯದರಲ್ಲಿ ಗೆಳತಿಯನ್ನು ಮೆಟ್ಟಿಲಿಂದ ತಳ್ಳಿದೆ ಎಂದಿತ್ತು. ಆ ಗೆಳತಿ ಆಗಷ್ಟೇ ನಮ್ಮ ಬಾಗಿಲಲ್ಲಿ ಹಗ್ಗದಾಟ ಆಡುತ್ತಿದ್ದಳು, ಮೈಮೇಲೆ ಒಂದು ಗೀರೂ ಇರಲಿಲ್ಲ. ಬಟಾಣಿ ಶೂ ಬಿಚ್ಚಲು ಒಳಗೆ ಬಂದಾಗ ಕೇಳಿದೆ.

"ಪುಟ್ಟಾ, ಬಳೆ ನಿಜವಾಗ್ಲೂ ತಗೊಂಡ್ಯಾ?"

"ಇಲ್ಲಪ್ಪ."

"ಮತ್ತೆ ಯಾಕೆ ಹಾಗೆ ಬರೆದೆ?"

"ಚಿಕ್ಕ ತಪ್ಪು ಬರೆದ್ರೆ ಅಜ್ಜಿ ಮಾತಾಡಲ್ಲ. ಒಂದ್ಸಲ ಹಲ್ಲುಜ್ಜಿಲ್ಲ ಅಂತ ಬರೆದೆ, ಮಂಗಳವಾರದ ತನಕ ಮಾತಾಡ್ಲಿಲ್ಲ." ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಅಪ್ಪಾ, ನಿನ್ನ ಹತ್ರ ಯಾವುದಾದ್ರೂ ದೊಡ್ಡ ತಪ್ಪಿದ್ಯಾ?" ಎಂದಳು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ನಾನು ಆಟಕ್ಕೆ ಕೂತೆ ಎಂದುಕೊಂಡು ನನ್ನ ಶೂ ದಾರವನ್ನೂ ಬಿಚ್ಚಿದಳು.

ದೊಡ್ಡ ತಪ್ಪು ನನ್ನ ಹತ್ತಿರ ಒಂದಿತ್ತು, ಅಕ್ಕ. ಅದನ್ನು ನಿನಗೆ ಹೇಳಬೇಕು. ನಿನಗೆ ಹನ್ನೊಂದು, ನನಗೆ ಏಳು. ಆ ವಾರ ನಿನಗೆ ವಿಪರೀತ ಜ್ವರ, ನನಗೆ ತಪ್ಪು ಹುಡುಕಿ ಕೊಡುವ ಸ್ಥಿತಿಯಲ್ಲೇ ನೀನಿರಲಿಲ್ಲ. ಜ್ವರದಲ್ಲಿ ನೀನು ಹಾಸಿಗೆ ಒದ್ದೆ ಮಾಡಿಕೊಂಡಿದ್ದೆ. ಅಮ್ಮನಿಗೆ ಗೊತ್ತಾಗದಿರಲಿ ಎಂದು ಚಾದರವನ್ನು ನಾವಿಬ್ಬರೂ ಸೇರಿ ಒಗೆದು ಮೂಲೆಯಲ್ಲಿ ಹರಡಿದ್ದೆವು. ಶನಿವಾರ ಐದು ಗಂಟೆಗೆ ನನಗೆ ಏನೂ ತೋಚಲಿಲ್ಲ. ಅದನ್ನೇ ಬರೆದೆ, ನೀನೇ ಬರೆದ ಹಾಗೆ. ಅಮ್ಮ ಓದಿ ನನ್ನ ಕೆನ್ನೆ ಹಿಂಡಿ "ನನ್ನ ರಾಜ" ಎಂದರು. ಭಾನುವಾರ ನಿನ್ನನ್ನು ಸ್ಟುಡಿಯೊಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಓದಿದರು. ನಾನು ಪಕ್ಕದ ಮನೆಯವರ ಜೊತೆ ರೇಡಿಯೊ ಮುಂದೆ ಕೂತು ಕೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಚೀಟಿ ಬರೆದದ್ದು ನಾನು.

ಈಗ ಬಳೆಯ ಚೀಟಿಯನ್ನು ಅಮ್ಮ ಮೇ ತಿಂಗಳ ಕಾರ್ಯಕ್ರಮದಲ್ಲಿ ಓದುತ್ತಾರಂತೆ, ಬಟಾಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ರೇಡಿಯೊದ ಅಧಿಕಾರಿಗೆ ಫೋನಿನಲ್ಲಿ "ಬಾವಿ ಅಂತೂ ಬಹಳ ಚೆನ್ನಾಗಿದೆ ಕಣ್ರಿ" ಎನ್ನುತ್ತಿದ್ದರು. ಶಾಲೆಯಲ್ಲಿ ಎಲ್ಲರೂ ಕೇಳಬೇಕೆಂದು ಟೀಚರು ಹೇಳಿಬಿಟ್ಟಿದ್ದಾರೆ. ಮಗು ಮಾಡದ ಕಳ್ಳತನಕ್ಕೆ ಊರೆಲ್ಲ ಅವಳನ್ನು ಬಳೆಗಳ್ಳಿ ಅನ್ನುತ್ತದೆ. ಹೆಂಡತಿ ಹೇಳಿ ನೋಡಿದಳು. ಅಮ್ಮ ಅವಳ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮಮ್ಮನಿಗೆ ನೀವು ಹೇಳಿದ್ರೆ ಮಾತ್ರ ಕೇಳಿಸೋದು" ಎಂದಳು ನನಗೆ.

ನಾನು ಅಮ್ಮನಿಗೆ ಇವತ್ತಿನವರೆಗೆ ಬೇಡ ಎಂದವನಲ್ಲ. ತಟ್ಟೆಗೆ ಮತ್ತೊಂದು ಸಲ ಬಡಿಸಿದಾಗಲೂ ಅಂದಿಲ್ಲ, ನನ್ನ ಹೊಟ್ಟೆ ನೋಡಿದವರಿಗೆ ಗೊತ್ತು. ನೀನು ಬಾ ಅಕ್ಕ. ನೀನು ಬಂದು ಹೇಳು. ನಿನಗೆ ಧೈರ್ಯವಿದೆ.

ಇಂತಿ ನಿನ್ನ ತಮ್ಮ


ಏಪ್ರಿಲ್ 28

ಪ್ರೀತಿಯ ತಮ್ಮನಿಗೆ,

ಗೊತ್ತಿತ್ತು. ಚಾದರದ ವಿಷಯ ಗೊತ್ತಿದ್ದದ್ದು ಇಬ್ಬರಿಗೇ, ನಾನು ಹೇಳಿರಲಿಲ್ಲ. ಇದಕ್ಕೆ ಪತ್ತೇದಾರಿ ಬೇಕಾಗಿರಲಿಲ್ಲ.

ಅದಕ್ಕೇ ನಿನ್ನ ಮದುವೆಗೆ ಬಂದವಳು ಊಟ ಮಾಡದೆ ಹೋದೆ. ಅಪ್ಪ ತೀರಿಕೊಂಡಾಗ ನಿನ್ನ ಹೆಗಲು ಮುಟ್ಟಲಿಲ್ಲ. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಧೈರ್ಯವಿರಲಿಲ್ಲ, ನಿನ್ನ ಮೇಲೆ ಸುಲಭವಾಗಿತ್ತು. ಮೂವತ್ತಮೂರು ವರ್ಷ ಒಬ್ಬ ಏಳು ವರ್ಷದ ಹುಡುಗನ ಮೇಲೆ ಹಲ್ಲು ಕಚ್ಚಿಕೊಂಡಿದ್ದೆ. ಈಗ ಬಿಟ್ಟಿದ್ದೇನೆ. ಒಂದೇ ದಿನಕ್ಕೆ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಎಷ್ಟೋ ಗುರುವಾರಗಳು ಹಿಡಿದವು. ಇನ್ನೂ ಒಂದಿಷ್ಟು ಉಳಿದಿದ್ದದ್ದು ನಿನ್ನ ಪತ್ರ ಓದುವಾಗ ಹೋಯಿತು. ನೀನೂ ಮಗು, ನಾನೂ ಮಗು. ಅಲ್ಲಿ ದೊಡ್ಡವರು ಇದ್ದದ್ದು ಇಬ್ಬರೇ.

ನಾನು ಬರುವುದಿಲ್ಲ. ಕೋಪಕ್ಕಲ್ಲ. ನಾನು ಬಂದು ಬಾಯಿ ತೆರೆದರೆ ಅದು ಅಳುಮುಂಜಿಯ ಗಲಾಟೆ ಆಗುತ್ತದೆ. ಅಮ್ಮ ಅತ್ತು, ನಾಲ್ಕು ಜನರನ್ನು ಸೇರಿಸಿ, ಕೊನೆಗೆ ಎಲ್ಲರೂ ನನ್ನನ್ನೇ ಸಮಾಧಾನ ಮಾಡಿ ಮುಗಿಸುತ್ತಾರೆ. ಚೀಟಿಯ ಮಾತು ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಕಾರಣವೂ ಇದೆ. ನನಗೆ ಅಷ್ಟು ಧೈರ್ಯವಿಲ್ಲ. ಇಲ್ಲಿ ಕೂತು ಬರೆಯುವಾಗ ಇರುತ್ತದೆ, ಆ ದನಿ ಕೇಳಿದರೆ ಕ್ಷಮೆ ಕೇಳಿಬಿಡುತ್ತೇನೆ. ಬಟಾಣಿಗೆ ಈಗ ಬೇಕಾಗಿರುವುದು ಅತ್ತೆ ಅಲ್ಲ, ಅಪ್ಪ.

ಹೇಗೆ ಹೇಳುವುದು ಎಂದು ಮಾತ್ರ ಹೇಳಿಕೊಡಬಲ್ಲೆ. ಕಡ್ಡಿ ಮುರಿದ ಹಾಗೆ ಒಂದೇ ಮಾತು ಹೇಳು. ಕಾರಣ ಕೊಡಬೇಡ. ಕಾರಣ ಕೊಟ್ಟರೆ ಅಮ್ಮ ಅದನ್ನು ಕೈಗೆ ತೆಗೆದುಕೊಂಡು, ಎಳೆ ಎಳೆ ಬಿಡಿಸಿ, ತಪ್ಪು ನಿನ್ನದೇ ಎಂದು ನಿನ್ನ ಕೈಗೇ ವಾಪಸ್ ಕೊಡುತ್ತಾರೆ. ಅವರು ಅತ್ತರೆ ಅಳಲಿ. ನೀನು ಅದೇ ಮಾತನ್ನು ಮತ್ತೆ ಹೇಳು. ಮೊದಲೇ ಯಾರೂ ಇಲ್ಲದ ಕಡೆ ಅಭ್ಯಾಸ ಮಾಡಿಕೋ. ನಾನು ಹಲ್ಲಿನ ಸೆಟ್ಟನ್ನು ಮುಂದಿಟ್ಟುಕೊಂಡು ಮಾಡುತ್ತಿದ್ದೆ. ಬಾಯಿ ತೆರೆದೇ ಇರುತ್ತದೆ, ತಿರುಗಿ ಮಾತಾಡುವುದಿಲ್ಲ.

ಭಯವಾಗುತ್ತದೆ. ಭಯ ಹೋದ ಮೇಲೆ ಹೇಳೋಣ ಎಂದು ಕಾಯಬೇಡ, ಅದು ಹೋಗುವುದಿಲ್ಲ.

ಪ್ರೀತಿಯಿಂದ,
ಅಕ್ಕ


ಮೇ 21

ಪ್ರೀತಿಯ ಅಕ್ಕನಿಗೆ,

ನೀನು ಮನೆಯಲ್ಲಿ ರೇಡಿಯೊ ಇಟ್ಟುಕೊಂಡಿಲ್ಲ ಎಂದು ಗೊತ್ತು. ಅದಕ್ಕೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ.

ಖಾಲಿ ಲಿಫ್ಟಿನಲ್ಲಿ ನಿಂತು ಎರಡು ವಾರ ಅಭ್ಯಾಸ ಮಾಡಿದೆ. ಒಂದು ಸಲ ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಒಬ್ಬ ಹೆಂಗಸು "ನಂಗೇನಾದ್ರೂ ಅಂದ್ರಾ?" ಎಂದರು. ಅವರಿಗೂ "ಓದಬೇಡಿ" ಎಂದುಬಿಟ್ಟೆ. ಕೈಯಲ್ಲಿ ಪೇಪರ್ ಹಿಡಿದಿದ್ದರು, ಪಾಪ, ಮಡಚಿ ಇಟ್ಟುಕೊಂಡರು.

ಶನಿವಾರ ಮಧ್ಯಾಹ್ನ ಅಮ್ಮನ ಮಂಚದ ಮುಂದೆ ನಿಂತೆ.

"ಅಮ್ಮ, ಬಟಾಣಿ ಚೀಟಿ ನಾಳೆ ಓದಬೇಡಿ."

"ಯಾಕೆ?"

"ಓದಬೇಡಿ."

"ಯಾರು ಹೇಳಿಕೊಟ್ಟಿದ್ದು? ಅವಳು ತಾನೆ? ಪತ್ರ ಬರೀತಾಳಾ ನಿನಗೆ?"

"ನಾನೇ ಹೇಳ್ತಿರೋದು. ಓದಬೇಡಿ."

ಅತ್ತರು. ಔಷಧಿ ಬೇಡ ಎಂದರು. ಹೇಳಿದ ಗಡುವು ಮುಗಿದ ಮೇಲೂ ನಿನ್ನ ಮನೆಯಲ್ಲಿ ಬಿದ್ದಿದ್ದೇನಲ್ಲ, ಅದಕ್ಕೇ ಈ ಮಾತು ಎಂದರು. ಮೂರು ತಿಂಗಳೆಂದದ್ದು ಐದಾಗಿತ್ತು, ನಾನು ಒಂದು ದಿನವೂ ಎಣಿಸಿರಲಿಲ್ಲ. ನಾನು ಅದೇ ಮಾತನ್ನು ಮತ್ತೆ ಹೇಳಿದೆ. ಕೊನೆಗೆ ಚೀಟಿಗಳ ಕಟ್ಟನ್ನು ಮಂಚದ ಮೇಲೆ ಎಸೆದು "ಆಯ್ತಪ್ಪ, ಓದಲ್ಲ. ನಾನ್ಯಾರು ಓದೋಕೆ" ಎಂದರು. ಗೆದ್ದೆ ಎಂದುಕೊಂಡೆ. ಆ ಸಂಜೆ ಎರಡು ಪಟ್ಟು ಊಟ ಮಾಡಿದೆ.

ಭಾನುವಾರ ಎಲ್ಲರೂ ಹೋದೆವು. ಸ್ಟುಡಿಯೊ ಒಳಗೆ ಮೈಕಿನ ಮುಂದೆ ಅಮ್ಮ, ಪಕ್ಕದಲ್ಲಿ ಬಟಾಣಿ. ಅವಳು ಒಂದು ಪದ್ಯ ಹೇಳಬೇಕಿತ್ತು, ಅಷ್ಟೇ. ಗಾಜಿನ ಈಚೆ ನಾನು, ಹೆಂಡತಿ, ರೇಡಿಯೊದ ಅಧಿಕಾರಿ. ಅಮ್ಮನ ದನಿಗೆ ವಯಸ್ಸೇ ಆಗಿಲ್ಲ, ಅಕ್ಕ. "ನನ್ನ ಮುದ್ದು ಮಕ್ಕಳೇ" ಎಂದಾಗ ಈ ನಲವತ್ತು ವರ್ಷದವನಿಗೂ ಹೋಗಿ ಅವರ ತೊಡೆಯ ಮೇಲೆ ಕೂರೋಣ ಅನ್ನಿಸಿತು. ಬಟಾಣಿ ಪದ್ಯ ಚೆನ್ನಾಗಿ ಹೇಳಿದಳು.

ಆಮೇಲೆ ಅಮ್ಮ ಗಾಜಿನಾಚೆಯಿಂದ ನನ್ನನ್ನು ನೋಡಿದರು. ನೋಡುತ್ತಲೇ ಶುರು ಮಾಡಿದರು. "ಮಕ್ಕಳೇ, ಈ ಪುಟಾಣಿ ಮೊನ್ನೆ ನಂಗೊಂದು ಪತ್ರ ಬರೆದಳು. ಏನಂತ ಗೊತ್ತಾ? ಅವಳ ಅಮ್ಮನ ಬಳೆ ಇತ್ತಲ್ಲ..." ಓದುವುದಿಲ್ಲ ಎಂದಿದ್ದರು, ಓದುತ್ತಿರಲಿಲ್ಲ. ಬಾಯಿಪಾಠ ಹೇಳುತ್ತಿದ್ದರು.

ಬಟಾಣಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ತಲೆ ತಗ್ಗಿಸಿದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯುವಾಗ ಬಾಗಿಲು ತೆಗೆಯಬಾರದು ಎಂದು ನಮಗೆ ನಡೆಯಲು ಬರುವ ಮೊದಲೇ ಕಲಿಸಿದ್ದರಲ್ಲ. ಅಧಿಕಾರಿ ನನ್ನ ತೋಳು ಹಿಡಿದು "ಸಾರ್, ಸಾರ್, ಲೈವ್ ಹೋಗ್ತಾ ಇದೆ" ಎಂದರು. ನಾನು ತೆಗೆದೆ. ಅದರ ಕೀಲುಗಳಿಗೆ ಎಣ್ಣೆ ಬಿಟ್ಟು ಎಷ್ಟು ವರ್ಷವಾಗಿತ್ತೋ, ಜೋರಾಗಿ ಕಿರುಗುಟ್ಟಿತು. ಏನು ಹೇಳಬೇಕೆಂದು ಅಭ್ಯಾಸ ಮಾಡಿರಲಿಲ್ಲ. "ಅವಳು ಯಾವ ಬಳೆನೂ ತಗೊಂಡಿಲ್ಲ" ಎಂದೆ. "ಬಾ ಪುಟ್ಟಾ, ಹೋಗೋಣ" ಎಂದೆ. ಕುರ್ಚಿ ಎಳೆದ ಸದ್ದೂ ಮೈಕಿಗೆ ಹೋಗಿರಬೇಕು. ಅಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. "ಈಗೊಂದು ಹಾಡು ಕೇಳೋಣ್ವಾ ಮಕ್ಕಳೇ?" ಎಂದರು. ಏನೇ ಹೇಳು, ಕೆಲಸದಲ್ಲಿ ಅವರು ಅವರೇ.

ಹೊರಗೆ ಬಂದ ಮೇಲೆ ಬಟಾಣಿ ಕೇಳಿದಳು, "ಅಜ್ಜಿ ಈಗ ಎಷ್ಟು ದಿನ ಮಾತಾಡಲ್ಲ?"

"ಗೊತ್ತಿಲ್ಲ ಪುಟ್ಟಾ. ನಾನು ಮಾತಾಡ್ತೀನಿ."

"ದಿನಾನಾ?"

"ದಿನಾ."

ಹೆಂಡತಿ ನನ್ನ ಶರ್ಟಿನ ಕಾಲರ್ ಸರಿ ಮಾಡಿದಳು.

ಅಮ್ಮ ಅಲ್ಲಿಂದಲೇ ತಮ್ಮ ಮನೆಗೆ ಹೋದರು, ಮೂರು ಮಹಡಿ ಹತ್ತಿದರು. ಮಂಡಿಗೇನೂ ಆಗಿಲ್ಲ. ಇವತ್ತು ಬಟ್ಟೆ, ಔಷಧಿ ಕೊಟ್ಟು ಬಂದೆ. ಬಾಗಿಲು ಅರ್ಧ ತೆಗೆದು ಚೀಲ ತೆಗೆದುಕೊಂಡರು, ಮಾತಿಲ್ಲ. ಇನ್ನು ಪ್ರತಿ ಬುಧವಾರ ಹೋಗುತ್ತೇನೆ, ಬಟಾಣಿಯನ್ನು ಬಿಟ್ಟು. ಬಟಾಣಿಗೆ ಈಗ ಬೇಸಿಗೆ ರಜೆ, ಹಗಲು ಎದುರು ಮನೆಯ ಗೆಳತಿಯ ಜೊತೆ ಇರುತ್ತಾಳೆ, ಆ ಮನೆಯವರೇ ಬಂದು ನಾವು ನೋಡಿಕೊಳ್ಳುತ್ತೇವೆ ಎಂದರು. ಎಲ್ಲರೂ ಅವರ ಹಾಗಲ್ಲ. ನಾನು ಕೆಲಸಕ್ಕೆ ಹೋದ ಒಂದು ಕಟ್ಟಡದ ಕಾವಲುಗಾರ ಮುಖಕ್ಕೆ ಹೇಳಿದ, "ರೇಡಿಯೊ ಅಮ್ಮನಿಗೇ ಹಾಗೆ ಮಾಡ್ಬಿಟ್ರಲ್ಲ ನೀವು."

ನಾನು ಮಾಡಿದ್ದು ತಪ್ಪೇನೋ ಎಂದು ಗಂಟೆಗೊಮ್ಮೆ ಅನ್ನಿಸುತ್ತದೆ. ನೀನು ಹೇಳು.

ಶಾಲೆಗೆ ಜೂನ್ ಮೊದಲ ವಾರದವರೆಗೂ ರಜೆ ಇದೆ. ಬಟಾಣಿಗೆ ಅತ್ತೆಯನ್ನು ನೋಡಬೇಕಂತೆ. ಹಲ್ಲುಗಳನ್ನೂ ನೋಡಬೇಕಂತೆ.

ಇಂತಿ ನಿನ್ನ ತಮ್ಮ


ಮೇ 26

ಪ್ರೀತಿಯ ತಮ್ಮನಿಗೆ,

ಬನ್ನಿ. ನನ್ನದು ಒಂದೇ ಕೋಣೆ, ಒಂದೇ ಮಂಚ. ಮಂಚದ ಮೇಲೆ ಬಟಾಣಿ ಮತ್ತು ನಾನು, ನೆಲದ ಮೇಲೆ ನೀನು. ಹೆಂಡತಿಗೆ ರಜೆ ಸಿಕ್ಕಿದರೆ ನಾವು ಮೂವರು ಹೆಂಗಸರು ಮಂಚಕ್ಕೆ ಹೇಗೋ ಅಡ್ಡಡ್ಡ ಮಲಗುತ್ತೇವೆ, ನಿನಗೆ ಆಗಲೂ ನೆಲವೇ. ಹಲ್ಲು ಮುಟ್ಟಲೂಬಹುದು ಎಂದು ಬಟಾಣಿಗೆ ಹೇಳು. ಡಾಕ್ಟರು ಅವಳಿಗಾಗಿ ಒಂದು ಹಳೆಯ ಸೆಟ್ಟು ತೆಗೆದಿಟ್ಟಿದ್ದಾರೆ.

ತಪ್ಪೇನೋ ಎಂದು ಕೇಳಿದ್ದೀಯ. ತಪ್ಪಲ್ಲ. ನಾನು ಇಷ್ಟು ಹೇಳಿದರೂ ನಿನಗೆ ಮತ್ತೆ ಅನ್ನಿಸುತ್ತದೆ. ಈಗ ಗಂಟೆಗೊಮ್ಮೆ ಬರುವುದು ಆಮೇಲೆ ದಿನಕ್ಕೊಮ್ಮೆ ಬರುತ್ತದೆ, ಆಮೇಲೆ ಯಾವಾಗಲೋ ಒಮ್ಮೆ. ಪೂರ್ತಿ ಹೋಗುತ್ತದೆಯೋ ಇಲ್ಲವೋ ನಾನು ಹೇಳಲಾರೆ, ನನಗಿನ್ನೂ ಹೋಗಿಲ್ಲ. ಆದರೆ ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಕೆಲಸ ಚೆನ್ನಾಗಿ ಆಗುತ್ತದೆ. ಬುಧವಾರ ಹೋಗುವುದನ್ನು ಬಿಡಬೇಡ. ಅಮ್ಮ ಮಾತಾಡದಿದ್ದರೆ ಚೀಲ ಕೊಟ್ಟು ಬಾ, ಮಾತಾಡಲಿ ಎಂದು ಕಾದು ನಿಲ್ಲಬೇಡ.

ಇನ್ನು ನಾನು ಹೇಳಬೇಕಾದ್ದು ಒಂದಿದೆ. ನಾನು ರೇಡಿಯೊ ಕೇಳಿದೆ.

ಡಾಕ್ಟರ ರೇಡಿಯೊ ಶನಿವಾರವೇ ತಂದಿಟ್ಟುಕೊಂಡಿದ್ದೆ. ಭಾನುವಾರ ಒಂಬತ್ತಕ್ಕೆ ಕೆಲಸದ ಮೇಜಿನ ಮುಂದೆ ಕೂತೆ. ಕೈಗೆ ಏನಾದರೂ ಕೆಲಸ ಇರಲಿ ಎಂದು ಮೇಣ ಕಾಯಿಸಿಕೊಂಡಿದ್ದೆ. ಬಟಾಣಿಯ ಪದ್ಯ ಕೇಳಿದೆ. ಅಮ್ಮ ಬಳೆ ಎಂದಾಗ ನೀನು ಸೋತೆ ಎಂದುಕೊಂಡೆ. ಮೇಣ ಗಟ್ಟಿಯಾಗುತ್ತಿತ್ತು, ನೋಡುತ್ತಾ ಕೂತಿದ್ದೆ. ಆಗ ಬಾಗಿಲು ಕಿರುಗುಟ್ಟಿತು.

ಈ ಮಾತನ್ನು ಗುರುವಾರದ ಮೇಡಂಗೂ ಹೇಳಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಆ ಕುರ್ಚಿಯಲ್ಲಿ ನಾನು ಕೂತಿದ್ದೆನಲ್ಲ, ಅಮ್ಮ ಚಾದರದ ಚೀಟಿ ಓದಿ ಮುಗಿಸುವವರೆಗೂ ನಾನು ಅವರ ಮುಖ ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿದ್ದೆ. ಗಾಜಿನ ಆಚೆ ಅಪ್ಪ ನಿಂತಿದ್ದರು. ನನ್ನನ್ನು ನೋಡಿದರು. ಆಮೇಲೆ ಗಡಿಯಾರ ನೋಡಿಕೊಂಡರು. ಅಪ್ಪನನ್ನು ನಾನು ಬೈಯಲಿಲ್ಲ, ಯಾವತ್ತೂ ಬೈದಿಲ್ಲ. ಕಾರ್ಯಕ್ರಮ ನಡೆಯುವಾಗ ಆ ಬಾಗಿಲನ್ನು ಹೊರಗಿನಿಂದ ತೆಗೆಯಲು ಬರುವುದೇ ಇಲ್ಲ, ಬೀಗ ಬಿದ್ದಿರುತ್ತದೆ ಎಂದು ನಾನೇ ತಿಳಿದುಕೊಂಡೆ. ಇಷ್ಟು ವರ್ಷವೂ ಹಾಗೇ ನಂಬಿದ್ದೆ.

ಅದಕ್ಕೆ ಬೀಗವೇ ಇರಲಿಲ್ಲ ಎಂದು ಭಾನುವಾರ ಗೊತ್ತಾಯಿತು. ನನಗೆ ಬಟಾಣಿಯ ಮೇಲೆ ಹೊಟ್ಟೆಕಿಚ್ಚಾಯಿತು, ತಮ್ಮಾ. ನಿನ್ನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಹಾಡು ಮುಗಿಯುವವರೆಗೂ ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತೆ.

ನಿಮ್ಮ ದಾರಿ ನೋಡುತ್ತಿರುವ,
ಅಕ್ಕ